ಸೊರಬದ ಪಂದ್ಯಕ್ಕೆ ಸ್ಪಂದನಳನ್ನು ಬೆಂಚಿನಲ್ಲಿ ಕೂರಿಸಬೇಡಿ

ಶಿಕಾರಿಪುರದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನು ಆರಿಸುವ, ಯಾಕೆ ಆರಿಸಿದೆವೆಂಬುದನ್ನು ಮರೆಯುವ ಮಾನ್ಯ ಅಧ್ಯಕ್ಷರೇ,

ಭಾನುವಾರ ಸೊರಬದ ವಿರುದ್ಧ ನಡೆಯುವ ಕೊನೆಯ ಪಂದ್ಯಕ್ಕೆ ಹದಿನೇಳರ ಸ್ಪಂದನಳನ್ನು ಕೈಬಿಟ್ಟು ನನ್ನನ್ನು ಸೇರಿಸಿದ್ದೀರಿ. ಇದಕ್ಕೆ ನನ್ನ ವಿರೋಧವಿದೆ. ಜಾಗ ಸಿಕ್ಕವಳೇ ತಕರಾರು ತೆಗೆಯುವುದನ್ನು ತಾವು ಕಂಡಿರಲಿಕ್ಕಿಲ್ಲ.

ಸೀಸನ್ನಿನ ಮೊದಲ ಎರಡು ಪಂದ್ಯ ಸೋತ ಕೂಡಲೇ ತಾವು ಹಳಬರನ್ನೆಲ್ಲ ಕರೆದು, "ಹೆಂಗೂ ಸೋಲ್ತಿದೀವಿ, ಸಣ್ಣ ಹುಡುಗೇರು ಆಡ್ಲಿ ಬಿಡ್ರೀ, ಕಲೀತಾರೆ" ಎಂದಿರಿ. ಯುವ ಪ್ರತಿಭೆ, ನಾಳಿನ ತಂಡ ಎಂದೆಲ್ಲ ಅರ್ಧ ಗಂಟೆ ಭಾಷಣವನ್ನೂ ಮಾಡಿದಿರಿ. ಮೂವತ್ತಾರರ ನಾನು ಬೆಂಚಿಗೆ ಹೋದೆ. ನನ್ನ ಜಾಗಕ್ಕೆ ಬಳ್ಳಿಗಾವಿಯಿಂದ ಬಸ್ಸಿನಲ್ಲಿ ಬರುವ ಸ್ಪಂದನ ಬಂದಳು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಅವಳು ಎಡಗೈಯಲ್ಲೂ ಚೆಂಡನ್ನು ಬುಟ್ಟಿಗೆ ಹಾಕುತ್ತಾಳೆ, ನನಗೆ ಇಷ್ಟು ವರ್ಷ ಆಡಿದರೂ ಅದು ಒಲಿಯಲಿಲ್ಲ. ಅವಳು ಬಿದ್ದರೆ ಮಂಡಿ ಒರೆಸಿಕೊಂಡು ಓಡುತ್ತಾಳೆ. ನಾನು ಬಿದ್ದರೆ ಮರುದಿನ ಮೆಟ್ಟಿಲು ಹತ್ತಲಾಗುವುದಿಲ್ಲ. ತಂಡ ಸೋಲುತ್ತಲೇ ಹೋಯಿತು. ನಾನು ಪ್ರತಿ ಸಲ ಮುಖ ಸಪ್ಪಗೆ ಮಾಡಿಕೊಂಡೇ ಮನೆಗೆ ಬಂದೆ. ಊರಿಗೆಲ್ಲ ಅದು ನಿಜವೆನಿಸಿತು. ನಮ್ಮತ್ತೆ ಬಸವಣ್ಣೆಮ್ಮ ಮಾತ್ರ ರೊಟ್ಟಿ ತಟ್ಟುತ್ತಾ ಕೇಳಿಯೇಬಿಟ್ಟರು: "ಅಲ್ಲ ವಾಣಿ, ಸೋತು ಬಂದ ದಿನಾನೇ ಎರಡು ರೊಟ್ಟಿ ಜಾಸ್ತಿ ತಿಂತೀಯಲ್ಲ, ಏನ್ ಸಮಾಚಾರ?"

ಮೊನ್ನೆ ತಮ್ಮ ಫೋನ್ ಬಂತು. "ಸೊರಬದೋರ ಮುಂದೆ ಸೋತ್ರೆ ಊರಾಗೆ ತಲೆ ಎತ್ತಂಗಿಲ್ರೀ. ನೀವು ಬಂದುಬಿಡ್ರೀ." ಉಳಿದ ಊರುಗಳ ಮುಂದೆ ಸೋಲುವಾಗ ನಮ್ಮ ತಲೆ ಎಲ್ಲಿತ್ತು ಸ್ವಾಮಿ? ಪಕ್ಕದ ತಾಲ್ಲೂಕಿನವರು ಎದುರಿಗೆ ನಿಂತ ಮಾತ್ರಕ್ಕೆ ಮಕ್ಕಳು ಕಲಿಯುವುದು ಬೇಡವಾಯಿತೇ? ಇಷ್ಟೆಲ್ಲ ಕೇಳುವ ನಾನು ಆಗ ಏನು ಮಾಡಿದೆ ಗೊತ್ತೇ? "ಆಯ್ತು ಸಾರ್" ಎಂದೆ. ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ ನಿಂತೆ.

ಸ್ಪಂದನ ಈವರೆಗೆ ತಾನು ತೊಡುತ್ತಿದ್ದ ನನ್ನ ಹಳೆಯ ಏಳನೇ ನಂಬರಿನ ಜೆರ್ಸಿಯನ್ನು ಒಗೆದು, ಇಸ್ತ್ರಿ ಮಾಡಿ ತಂದಿದ್ದಳು. ಅಳುತ್ತಾಳೇನೋ ಎಂದು ಕಾದೆ. ಅಳಲಿಲ್ಲ. "ಅಕ್ಕಾ, ಸೊರಬದ ನಾಕನೇ ನಂಬರ್ ಹುಡುಗಿ ಯಾವಾಗ್ಲೂ ಬಲಕ್ಕೇ ತಿರುಗ್ತಾಳೆ. ಸಾಗರದಾಗೆ ಅವ್ರ ಮ್ಯಾಚ್ ನೋಡಿದ್ದೆ. ನೋಡ್ಕಳಿ" ಎಂದಳು. ಆಮೇಲೆ ಮೆಲ್ಲಗೆ, "ನಾನೇನ್ ತಪ್ಪು ಮಾಡಿದೆ ಅಂತ ಸಾರ್ ಏನಾದ್ರೂ ಹೇಳಿದ್ರಾ ಅಕ್ಕಾ?" ಎಂದು ಕೇಳಿದಳು.

ಇವಳು ಕಲಿತಿಲ್ಲವೆಂದು ಯಾರು ಹೇಳುತ್ತಾರೆ? ಇಷ್ಟು ಪಂದ್ಯ ಬೆಂಚಿನಲ್ಲಿ ಕೂತ ನಾನು ಎದುರಾಳಿಗಳಲ್ಲಿ ಒಬ್ಬಳನ್ನೂ ಹೀಗೆ ಗಮನಿಸಿರಲಿಲ್ಲ. ನನ್ನ ಕಣ್ಣೆಲ್ಲ ಇವಳು ಎಲ್ಲಿ ಎಡವುತ್ತಾಳೆ ಎಂಬುದರ ಮೇಲೇ ಇತ್ತು. ಅವಳ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ತಮ್ಮ ಹತ್ತಿರ ಉತ್ತರವಿದ್ದರೆ, ಅಭ್ಯಾಸದ ಹೊತ್ತಿಗೆ ಬಂದು ಅವಳ ಎದುರಿಗೇ ಹೇಳಿ.

ಇಲ್ಲದಿದ್ದರೆ ಭಾನುವಾರ ಅವಳನ್ನೇ ಆಡಿಸಿ, ಕೊನೆಯ ಸೀಟಿಯವರೆಗೂ ಆಡಿಸಿ. ಜೆರ್ಸಿಯನ್ನು ಅವಳ ಕೈಗೇ ವಾಪಸು ಕೊಟ್ಟಿದ್ದೇನೆ. ಇದನ್ನು ನನ್ನ ದೊಡ್ಡ ಗುಣವೆಂದು ದಯವಿಟ್ಟು ಯಾವ ವೇದಿಕೆಯಲ್ಲೂ ಹೊಗಳಬೇಡಿ. ನಾನು ಬೆಂಚಿನಲ್ಲೇ ಕೂತಿರುತ್ತೇನೆ. ಅವಳ ಕೈಯಿಂದ ಚೆಂಡು ಜಾರಿದಾಗ ನನ್ನ ಮುಖ ಅರಳುವುದು ತಮಗೆ ಕಾಣಿಸಬಹುದು. ಆಗ ಮಾತ್ರ ನನ್ನನ್ನು ಕರೆಯಬೇಡಿ. ಕರೆದರೆ ನಾನು ಬಂದುಬಿಡುತ್ತೇನೆ.

ಇಂತಿ,
ಆಡುವ ಆಸೆ ಇನ್ನೂ ಹೋಗದ
ವಾಣಿಶ್ರೀ
ಶಿಕಾರಿಪುರ