ಅಂಚಿನಲ್ಲಿದ್ದ ಹೆಸರು

ಜನವರಿ 6, ಮಂಗಳವಾರ
ಬೆಳಗ್ಗೆ ಶಾಲಾ ರಿಜಿಸ್ಟರ್ ಆರು ಬೈಂಡ್ ಆದವು. ಮಧ್ಯಾಹ್ನ ಹೊಸದುರ್ಗದ ಶಾಹಿಸ್ತಾ ಟೀಚರ್ ಬಂದ್ರು. ಪ್ಲಾಸ್ಟಿಕ್ ಕವರಲ್ಲಿ ಹಳೇ ಹಾಳೆಗಳು, ಬೈಂಡ್ ಮಾಡ್ಬೇಕಂತೆ. ಕೈಬರಹದ ಪಿಯಾನೋ ಸಂಗೀತ. ಅವರ ಮುತ್ತಜ್ಜ ಲಾಲ್ ಸಾಬ್ ಅರಮನೆ ಬ್ಯಾಂಡಿನಲ್ಲಿದ್ರಂತೆ. ರಾಜ-ರಾಣಿ ಒಂದೇ ಪಿಯಾನೋ ಮುಂದೆ ಕೂತು ಜೋಡಿಯಾಗಿ ನುಡಿಸಲಿ ಅಂತ ಅವರೇ ಕಟ್ಟಿದ್ದು. ಎಡಪುಟ ರಾಣಿಗೆ, ಬಲಪುಟ ರಾಜನಿಗೆ. ಮೇಲೆ ಮಾತ್ರ ಬ್ಯಾಂಡ್ ಮಾಸ್ಟರ್ ಹೆಸರು.
"ಬೆವರು ಒಬ್ಬರದು, ಹೆಸರು ಒಬ್ಬರದು" ಅಂದೆ.
ನಕ್ಕರು. "ಹುಷಾರು ಪ್ರಭಣ್ಣ. ಅಜ್ಜಿ ಜೀವ ಇದ್ರಲ್ಲೇ ಐತೆ."

ಜನವರಿ 8
ಹೊಲಿಗೆ, ಅಂಟು. ಆಮೇಲೆ ಅಭ್ಯಾಸದಂತೆ ಮೂರೂ ಕಡೆ ಕಟಿಂಗ್. ಅಂಚು ನೀಟಾಗದ ಪುಸ್ತಕ ಅಪ್ಪನ ಕಾಲದಿಂದ ಈ ಅಂಗಡಿ ಬಿಟ್ಟಿಲ್ಲ. ಕೊನೇ ಹಾಳೆ ಅಂಚಲ್ಲಿ ಇರುವೆ ಹರಿದಂಥ ಗೀಚು ಇತ್ತು. ಕಲೆ ಹೋಯ್ತು, ಕಳೆ ಬಂತು. ಚೂರೆಲ್ಲ ರದ್ದಿ ಮೂಟೆಗೆ. ಮೂಟೆ ಸಂಜೆಯೇ ಹೋಯ್ತು.

ಜನವರಿ 9
ಟೀಚರ್ ಫೋನ್. "ಅಣ್ಣ, ಅಜ್ಜಿ ಈಗ ಹೇಳ್ತಾರೆ. ಕೊನೇ ಪುಟದ ಅಂಚಲ್ಲಿ ಮುತ್ತಜ್ಜ ಉರ್ದುನಲ್ಲಿ ತಮ್ಮ ಹೆಸರು ಬರ್ದವ್ರಂತೆ, ಕದ್ದುಮುಚ್ಚಿ. ಸ್ವಲ್ಪ ನೋಡ್ರಿ."
ನೋಡಿದೆ. ಕ್ಲೀನ್.
"ಏನೂ ಇಲ್ವಲ್ಲ ಮೇಡಂ. ತಂದಾಗಲೇ ಇರ್ಲಿಲ್ಲ."
ಎಷ್ಟು ಸಲೀಸಾಗಿ ಬಂತು...

ಜನವರಿ 17
ಎಂಟು ದಿನ ಬರೆದಿಲ್ಲ. ಇವತ್ತು ಅಜ್ಜಿ ಖಾತುನ್ ಬೀ ತಾವೇ ಬಂದ್ರು, ಮೊಮ್ಮಗಳ ಕೈ ಹಿಡ್ಕೊಂಡು. ಎಂಬತ್ತೆಂಟು ವಯಸ್ಸು. ಕೊನೇ ಪುಟದ ಅಂಚನ್ನ ಬೆರಳಲ್ಲಿ ಸವರಿದ್ರು. ಎರಡು ಸಲ.
"ಇಲ್ಲೇ ಇತ್ತು ಕಣಪ್ಪ. ಅಬ್ಬಾ ತೋರ್ಸಿದ್ರು."
"ನಿಮ್ಗೆ ಮರೆವು ನಾನಿ" ಅಂದ್ರು ಟೀಚರ್.
"ಇರ್ಬೋದು. ಕನಸು ಕಂಡಿದ್ನೇನೋ." ಆಮೇಲೆ ನನ್ನ ಕಡೆ ತಿರುಗಿ— "ಬೈಂಡು ಚೆನ್ನಾಗೈತಪ್ಪ."
ಚಹಾ ತರ್ಸಿದೆ. ಕುಡಿದು ಹೋದ್ರು.
ಹೆಸರು ಹೋದದ್ದು ಕೈತಪ್ಪು. ಆಯಮ್ಮನ ನೆನಪೇ ಸುಳ್ಳು ಅನ್ನಿಸಿದ್ದು— ಅದು ನಾನು. ಇದಕ್ಕೆ ಪ್ರಾಸ ಹುಡುಕಲಿಲ್ಲ.

ಜನವರಿ 19, ಹೊಸದುರ್ಗ, ಬೆಳಗ್ಗೆ 10.40
ಮೊದಲ ಬಸ್ಸಿಗೆ ಬಂದೆ. ಟೀಚರ್ ಶಾಲೆಗೆ ಹೋಗಿದ್ದಾರೆ. "ಕುಂತ್ಕಳಪ್ಪ, ನೀರು ತರ್ತೀನಿ" ಅಂತ ಖಾತುನ್ ಬೀ ಒಳಗೆ ಹೋದ್ರು. ಬಸ್ಸಲ್ಲಿ ಜೋಡಿಸಿಕೊಂಡ ಮಾತೆಲ್ಲ ಹಾರಿಹೋಯ್ತು. ಅದಕ್ಕೇ ಡೈರಿ ತೆಗೆದೆ.
ಬಂದ್ರು. "ಅದೇನಪ್ಪ ಬರೀತಿರೋದು?"
"ನಿಮಗೇ ಓದಿ ಹೇಳ್ಬೇಕು ಅಮ್ಮ. ಎಂಟನೇ ತಾರೀಖಿಂದು."
ಎದುರಿಗೇ ಕೂತಿದ್ದಾರೆ. ನಾನಿನ್ನೂ ಬರೀತಾನೇ ಇದೀನಿ. ನೀರಿನ ಲೋಟ ನನ್ನ ಕಡೆ ಸರಿಸಿದ್ರು. "ಓದಪ್ಪ" ಅಂತಾರೆ—