ಏಳನೆಯ ಆಟಗಾರ

ಮುಳಬಾಗಿಲು
೧೪ ಜೂನ್ ೨೦೨೫

ಪ್ರಿಯ ಕದಿರೇಶ,

ನಿನ್ನ ಕಾಗದ ತಲುಪಿತು. ಅಕ್ಷರ ನಿಮ್ಮ ಗಂಗಾಲಕ್ಷ್ಮಿ ಅಕ್ಕನದು, ಬೈಗುಳ ಮಾತ್ರ ಅಪ್ಪಟ ನಿನ್ನದೇ. ಎಡಗಣ್ಣು ಹೋಯಿತು, ಬಲಗಣ್ಣಿಗೂ ಅಕ್ಷರ ಹಿಡಿಯುತ್ತಿಲ್ಲ ಎಂದು ತಿಳಿಯಿತು. ಇದನ್ನೂ ಅಕ್ಕನೇ ಓದಿ ಹೇಳಬೇಕಾದ್ದರಿಂದ ಸಭ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಸುದ್ದಿ: ನಾವು ಮೇಲೆ ಹೋದೆವು. ಗಾಬರಿಯಾಗಬೇಡ, ಎ ಡಿವಿಷನ್ನಿಗೆ. ಜಿಲ್ಲಾ ಫುಟ್‌ಬಾಲ್ ಲೀಗಿನ ಬಿ ಡಿವಿಷನ್ನಿನಲ್ಲಿ ಒಂಬತ್ತು ವರ್ಷ ಕೊಳೆತೆವಲ್ಲ. ಬ್ರೆಜಿಲ್‌ನ ರಾಜ್ಯಗಳಲ್ಲೂ ಎರಡನೇ ದರ್ಜೆಯ ಲೀಗ್ ಇದೆ, ಅಲ್ಲೂ ಗ್ಯಾಲರಿ ಖಾಲಿ ಎಂದು ನೀನು ಮೊಬೈಲಿನಲ್ಲಿ ತೋರಿಸಿ ಸಮಾಧಾನ ಹೇಳುತ್ತಿದ್ದೆ. ಇನ್ನು ಆ ಸಮಾಧಾನ ಬೇಕಿಲ್ಲ.

ಆ ದಿನದ್ದು ಏನೂ ನೆನಪಿಲ್ಲ, ಹೇಳು ಎಂದಿದ್ದೀಯ. ಮಾವಿನ ಸುಗ್ಗಿ ನೋಡು, ನಮ್ಮವರಲ್ಲಿ ಅರ್ಧ ಜನ ಶ್ರೀನಿವಾಸಪುರದ ಮಂಡಿಗೆ ಲೋಡಿಂಗಿಗೆ ಹೋಗಿದ್ದರು. ಕೋಲಾರದ ಮೈದಾನಕ್ಕೆ ಇಳಿದವರು ಎಂಟೇ ಮಂದಿ. ಜೀಶಾನ್ ಯಾರಿಗೋ ಒದ್ದು ಕೆಂಪು ಕಾರ್ಡ್ ತಿಂದ ಮೇಲೆ ಏಳು. ಆರಾದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ, ಸೋತಂತೆ ಲೆಕ್ಕ. ನಮಗೆ ಡ್ರಾ ಆದರೆ ಸಾಕಿತ್ತು. ವಿರಾಮಕ್ಕೆ ಸ್ವಲ್ಪ ಮುಂಚೆ ನೀನು ಚೆಂಡಿಗೆ ಹಾರಿದೆ, ಅವರ ಮುರಳಿಮೋಹನ್ ಕೂಡ ಹಾರಿದ. ಇಬ್ಬರ ತಲೆಗೂ ಚೆಂಡು ಸಿಗಲಿಲ್ಲ, ತಲೆಗೆ ತಲೆ ಸಿಕ್ಕಿತು.

ಅಷ್ಟು ಪೆಟ್ಟಾದವನನ್ನು ಮತ್ತೆ ಆಟಕ್ಕೆ ಇಳಿಸಿದ್ದು ಯಾರು ಎಂದು ಡಾಕ್ಟರು ಕೇಳುತ್ತಿದ್ದಾರಂತೆ. ಯಾರೂ ಇಳಿಸಲಿಲ್ಲ ಕಣೋ. ನೀನೇ ಎದ್ದು ನಿಂತು, ಆಡ್ತೀನಿ ಎಂದೆ. ನಿನ್ನ ಹಟ ಊರಿಗೇ ಗೊತ್ತು. ಕೊನೆಯ ಸೀಟಿ ಊದಿದ ಮೇಲೆ ನಾವೆಲ್ಲ ಕುಣಿಯುವಾಗ ನೀನು ಯಾರೂ ಮುಟ್ಟದೆ ಕುಸಿದು ಬಿದ್ದೆ. ಗೋಲು ಯಾರಿಗೂ ಬರಲಿಲ್ಲ, ಗೋಳು ನಮ್ಮ ಪಾಲಿಗೆ ಬಂತು.

ಹೊಸ ಜೆರ್ಸಿ ಹೊಲಿಯಲು ಕೊಟ್ಟಿದ್ದೇವೆ. ನಿನ್ನ ಅಳತೆ ಹಳೆಯದೇ ಬರೆಸಿದೆ. ಸೊರಗಿದ್ದರೆ ತಿಳಿಸು.

ನಿನ್ನ ಕ್ಯಾಪ್ಟನ್,
ರಹೀಲ್

ತಾ.ಕ.: ಗಂಗಾಲಕ್ಷ್ಮಿ ಅಕ್ಕ, ಇದನ್ನೂ ಅವನಿಗೆ ಓದಿ ಹೇಳಿ. ಆಡ್ತೀನಿ ಎಂದು ಅವನು ಅನ್ನಲೇ ಇಲ್ಲ. ತಲೆಗೇನೂ ಆಗಿಲ್ಲ, ಬರೀ ಕಾಲು ಹಿಡಿದುಕೊಂಡಿದೆ ಎಂದು ರೆಫರಿಗೆ ಸುಳ್ಳು ಹೇಳಿದವನೂ ನಾನೇ. ವಿರಾಮದಲ್ಲಿ ಅವನು ನನ್ನ ತೋಳು ಹಿಡಿದು, "ರಹೀಲಾ, ಚೆಂಡು ಎರಡು ಕಾಣ್ತೈತೆ ಕಣೋ" ಅಂದ. ನಾನು, "ಹಂಗಾದ್ರೆ ಒಂದು ನೀನಿಟ್ಕೋ, ಇನ್ನೊಂದು ನನ್ಗೆ ಪಾಸ್ ಮಾಡು" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ ಅಕ್ಕ, ನಗುತ್ತಲೇ ನನ್ನ ಹಿಂದೆ ಬಂದ.