ಬಟ್ಟೆ ಅಲುಗಿದ ಚಿತ್ರ

ಗೋಥೆನ್‌ಬರ್ಗ್
೧೪ ಮೇ ೨೦೧೬

ಸಿಟ್ಟಿದ್ದರೂ ಪ್ರೀತಿ ಕಡಿಮೆಯಾಗದ ಅಮ್ಮನಿಗೆ,

ಫೋನ್ ಮಾಡಿದರೆ ನೀನು ಅರ್ಧದಲ್ಲೇ ಅಳುತ್ತೀಯ, ನಾನು ಒಪ್ಪಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಸಂಬಂಧ ತಂದಿರುವ ಬಾಲಚಂದ್ರ ಮಾವ ಹುಡುಗನ ಮನೆಗೆ ಕಳಿಸಲು ಕೇಳಿರುವ ಫೋಟೋವನ್ನು ನೀನು ಹೇಳಿದ ಹಾಗೆ, ಎಡಗೈ ಮೇಲೆ ಸೆರಗು ಹೊದ್ದು, ತೆಗೆಸುವುದಿಲ್ಲ.

ಕಳೆದ ವಾರ ನೀನು ವೆಸ್ಟೆರಾಸ್‌ನ ಮನೆಯಿಂದ ಬಂದಾಗ ನಾನು ಫಿಕಾಗೆ, ಇಲ್ಲಿಯವರ ಕಾಫಿ-ತಿಂಡಿಯ ಹೊತ್ತಿಗೆ, ಕಾಫಿ ಬಗ್ಗಿಸುತ್ತಿದ್ದೆ. ಗೋಡೆಯ ಮೇಲಿದ್ದ, ತೋಳು ಮುರಿದ ಗ್ರೀಕ್ ದೇವಿಯ ಚಿತ್ರ ನೋಡಿ ನೀನು, "ಇದೇನೇ, ಭಿನ್ನ ಆದ ಮೂರ್ತೀನ ಯಾರಾದ್ರೂ ಮನೇಲಿ ಇಟ್ಕೊಳ್ತಾರಾ? ಮೊದ್ಲು ತೆಗಿ," ಎಂದೆ. "ಅಮ್ಮಾ, ಪೂಜೆಗಲ್ಲ, ಬರೀ ಫೋಟೋ," ಎಂದು ನಾನು ನಕ್ಕೆ. ಆಗ ನಿನ್ನ ಕಣ್ಣು, ಮೊಣಕೈಗೇ ಮುಗಿಯುವ ನನ್ನ ಎಡಗೈಗೆ ಹೋಯಿತು. ನನ್ನ ನಗು ನಿಂತಿತು.

ಆ ಚಿತ್ರ ಮ್ಯೂಸಿಯಮ್ಮಿನಲ್ಲಿ ನಾನು ಸ್ಕ್ಯಾನ್ ಮಾಡುವ ಹಳೆಯ ಗಾಜಿನ ಫೋಟೋ ಪ್ಲೇಟೊಂದರದು. ಫೋಟೋಗ್ರಫಿ ಹೊಸದಾಗಿದ್ದಾಗ ಛಾಯಾಗ್ರಾಹಕರಿಗೆ ಅಮೃತಶಿಲೆಯ ವಿಗ್ರಹಗಳೆಂದರೆ ಇಷ್ಟ. ಬೆಳಕನ್ನು ಚೆನ್ನಾಗಿ ಹಿಡಿಯುತ್ತವೆ. ಆಗ ಒಂದು ಚಿತ್ರಕ್ಕೆ ಲೆನ್ಸನ್ನು ಬಹಳ ಹೊತ್ತು ತೆರೆದಿಡಬೇಕಿತ್ತು; ಎಷ್ಟು ಹೊತ್ತಾದರೂ ಇವು ಅಲುಗಾಡುವುದಿಲ್ಲ. ಈ ದೇವಿಯ ಎರಡು ಪ್ಲೇಟುಗಳಿವೆ. ಮೊದಲನೆಯದರಲ್ಲಿ ಛಾಯಾಗ್ರಾಹಕ ಮುರಿದ ತೋಳು ಕಾಣದಂತೆ ಕಪ್ಪು ಬಟ್ಟೆ ಹೊದಿಸಿದ್ದಾನೆ. ಅಂಗಳದಲ್ಲಿ ಗಾಳಿ ಬೀಸಿರಬೇಕು. ಕಲ್ಲಿನ ರೆಪ್ಪೆಯಂಚೂ ಸ್ಪಷ್ಟ; ಬಟ್ಟೆ ಮಾತ್ರ ಹೊಗೆಯಂತೆ ಕಲಸಿಹೋಗಿದೆ. ನೋಡಿದವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಎರಡನೆಯದರಲ್ಲಿ ಬಟ್ಟೆ ತೆಗೆದುಬಿಟ್ಟಿದ್ದಾನೆ. ನನ್ನ ಗೋಡೆಯ ಮೇಲಿರುವುದು ಅದು. ಅಲ್ಲೇ ಇರುತ್ತದೆ.

ಶಾಲೆಯ ಗ್ರೂಪ್ ಫೋಟೋದಿಂದ ಹಿಡಿದು ಅಣ್ಣ ಇಶಾನ್‌ನ ಮದುವೆಯವರೆಗೆ ನನ್ನ ಪ್ರತಿ ಚಿತ್ರದಲ್ಲೂ ಒಂದು ಶಾಲು, ಒಂದು ಹೂಗುಚ್ಛ, ಇಲ್ಲವೇ ಯಾರದೋ ಬೆನ್ನು. ಸಾಕು. ಭಿನ್ನ ಎನ್ನುವುದು ಒಡೆದದ್ದಕ್ಕೆ. ನಾನು ಒಡೆದು ಹೀಗಾದವಳಲ್ಲ. ಹುಟ್ಟಿದ್ದೇ ಹೀಗೆ, ಪೂರ್ತಿಯಾಗಿ. ಹುಡುಗನ ಮನೆಯವರು ಬೇಡ ಎನ್ನುವುದಾದರೆ ನೋಡಿಯೇ ಬೇಡ ಎನ್ನಲಿ.

ಮಾವನಿಗೆ ನಿನ್ನೆಯೇ ಫೋಟೋ ಕಳಿಸಿದ್ದೇನೆ. ಎರಡೂ ಕೈ ಕಾಣುತ್ತವೆ. ನಿನಗೂ ಒಂದು ಪ್ರತಿ ಈ ಲಕೋಟೆಯಲ್ಲಿದೆ.

ಹಟದಲ್ಲಿ ನಿನ್ನನ್ನೇ ಹೋಲುವ
ಅನ್ಯಾ

ತಾ.ಕ.: ಉಟ್ಟಿರುವುದು ನೀನು ಬಿಟ್ಟುಹೋದ ಹಸಿರು ಸೀರೆ. ಸೆರಗಿಗೆ ಪಿನ್ ಹಾಕಲು ಒಂದೇ ಕೈಯಲ್ಲಿ ಆಗಲಿಲ್ಲ, ಸ್ವಲ್ಪ ಜಾರಿದೆ. ಮುಂದಿನ ಸಲ ಬಂದಾಗ ನೀನೇ ಹಾಕಿಕೊಡು. ಭುಜದ ಮೇಲೆ ಮಾತ್ರ.